ಮನೆಯ ಪಾಲು, ಅಂಗಡಿಯ ಪಾಲು

ಕೆಟ್ಟ ಮಿಕ್ಸರ್ ಎದುರಿಗೆ ತಂದಿಟ್ಟರೆ ಅವರು ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಎರಡೂ ಕೈಯಲ್ಲಿ ಕಲ್ಲಂಗಡಿ ಹಣ್ಣಿನಂತೆ ಎತ್ತಿ, ತಳದ ಗಾಳಿಕಿಂಡಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಒಂದೇ ಒಂದು ಉಸಿರು ಎಳೆದುಕೊಳ್ಳುವರು. ಸುಟ್ಟ ವಾಸನೆ ಬಂದರೆ "ಹೋಗೈತಿ" ಅನ್ನುವರು. ಬರದಿದ್ದರೆ "ಐತಿ" ಅನ್ನುವರು. ತಂದವರು ಇಷ್ಟಕ್ಕೆ ಸಮಾಧಾನಪಡಬೇಕು. ನಡುವೆ ಇನ್ನೊಂದು ಸ್ಥಿತಿ ಇರಬಹುದೆಂದು ಅವರು ಒಪ್ಪುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸಿಂಧನೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಹೆಸರಿನ ಅಗತ್ಯ ಬಿದ್ದದ್ದು ಮರಣದ ದಾಖಲೆ ಬರೆಸುವಾಗ ಮಾತ್ರ. ನಮ್ಮದು ಅವರ ಗೋಡೆಗೆ ಗೋಡೆ ಹಚ್ಚಿದ ಮನೆ. ನಾನು ತುರ್ವಿಹಾಳದ ಶಾಲೆಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಬೆಳಿಗ್ಗೆ ಹೋಗುವಾಗ ಅವರ ಕಟ್ಟೆಯ ಮೇಲೆ ಏನು ಬಿಚ್ಚಿದೆ, ಸಂಜೆ ಬರುವಾಗ ಅದರಲ್ಲಿ ಎಷ್ಟು ಮುಚ್ಚಿದೆ ಎಂದು ನೋಡುವುದು ಹನ್ನೆರಡು ವರ್ಷದಿಂದ ನನಗೆ ರೂಢಿಯಾಗಿತ್ತು.

ನೌಕರಿಯಲ್ಲಿದ್ದಾಗ ಅವರು ಕಾಲುವೆಯ ಲಸ್ಕರ್. ಉಪಕಾಲುವೆಯ ಮೇಲೆ ಸೈಕಲ್ ಹೊಡೆಯುತ್ತ, ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಯಾರ ಹೊಲಕ್ಕೆ ಯಾವ ದಿನ ನೀರಿನ ಪಾಳಿ ಎಂದು ನೋಡಿಕೊಳ್ಳುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದರು. ಯಂತ್ರವೆಂದು ಅವರಿಗೆ ಗೊತ್ತಿದ್ದದ್ದು ತೂಬಿನ ಗೇರು ಮತ್ತು ಅದಕ್ಕೆ ಹಚ್ಚುವ ಗ್ರೀಸು. ಉಳಿದದ್ದನ್ನೆಲ್ಲ ನಿವೃತ್ತಿಯಾದ ಮೇಲೆ, ಸಿಟ್ಟಿನಿಂದ ಕಲಿತರು.

ಸಿಟ್ಟಿಗೆ ಕಾರಣ ಒಂದು ಟೇಬಲ್ ಫ್ಯಾನು. ಬೀಳ್ಕೊಡುವಾಗ ಕಚೇರಿಯವರೆಲ್ಲ ಸೇರಿ ಕೊಟ್ಟದ್ದು. ಎರಡು ತಿಂಗಳಿಗೆ ನಿಂತಿತು. ಗ್ಯಾರಂಟಿ ಇತ್ತು, ಗ್ಯಾರಂಟಿ ನೋಡುವ ಅಂಗಡಿ ಲಿಂಗಸುಗೂರಿನಲ್ಲಿತ್ತು. ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ಮೂರು ಸಲ ಬಸ್ಸಿನಲ್ಲಿ ಹೋದರು. ಮೊದಲ ಸಲ ನೋಡುವವರು ರಜೆಯಲ್ಲಿದ್ದರು. ಎರಡನೆಯ ಸಲ ಬಿಲ್ಲಿನ ಮೇಲೆ ಸೀಲು ಇರಲಿಲ್ಲ. ಮೂರನೆಯ ಸಲ ಸೀಲು ಇತ್ತು, ನೋಡುವವರೂ ಇದ್ದರು, ಅವರು ನೋಡಿ "ಬಿಟ್ಟು ಹೋಗ್ರಿ, ತಿಂಗಳಾಗ್ತದ" ಎಂದರು. ಕಾಕಾ ಬಿಟ್ಟು ಬರಲಿಲ್ಲ. ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ಚಹಾಕ್ಕೆ ನಿಂತಿತು. ಪಂಕ್ಚರ್ ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಕೇಳಿ ಇಸಿದುಕೊಂಡು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರು ಜೀವನದಲ್ಲಿ ಮೊದಲ ಬಾರಿಗೆ ಒಂದು ಫ್ಯಾನು ಬಿಚ್ಚಿದರು. ಒಳಗೆ ಸ್ವಿಚ್ಚಿನಿಂದ ಒಂದು ವೈರು ಕಳಚಿ ಸುಮ್ಮನೆ ಕೂತಿತ್ತು. ಹೊಸೆದು ಹಚ್ಚಿದರು. ಚಹಾದ ಹೋಟೆಲಿನಲ್ಲಿ ಪ್ಲಗ್ ಹಾಕಿ ನೋಡಿದಾಗ ಗಲ್ಲೆಯ ಮೇಲಿದ್ದ ಚೀಟಿಗಳೆಲ್ಲ ಹಾರಿ ಹೋದವು. ಬಸ್ಸು ಅಷ್ಟರೊಳಗೆ ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿಗೆ ಅವರು ಫ್ಯಾನಿನ ಗಾಳಿಯಲ್ಲಿ ಕೂತು ಕಾದರು.

"ಮೂರು ಸರ್ತಿ ಹೋಗಿ ಬಂದ ಬಸ್ಸಿನ ರೊಕ್ಕದಾಗ ಇನ್ನೊಂದು ಫ್ಯಾನ್ ಬರ್ತಿತ್ತು," ಎಂದು ಕಾಕು ಹೇಳುತ್ತಿದ್ದರು. ಇದು ಪೂರ್ತಿ ನಿಜವಲ್ಲ. ಆದರೆ ಕಾಕಾ ಎಂದೂ ಅಲ್ಲಗಳೆಯಲಿಲ್ಲ.

ಅಂದಿನಿಂದ ಅವರ ಮನೆಯ ಯಾವ ವಸ್ತುವೂ ಅಂಗಡಿಯ ಮುಖ ನೋಡಲಿಲ್ಲ. ಓಣಿಯವರೂ ತಮ್ಮವನ್ನು ತರತೊಡಗಿದರು. ಇಲ್ಲಿ ಅವರದೊಂದು ಹಟ ಇತ್ತು. ಅವರು ಯಾರದ್ದನ್ನೂ ರಿಪೇರಿ ಮಾಡಿಕೊಡುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ತಂದವರ ಕೈಯಿಂದಲೇ ಮಾಡಿಸುತ್ತಿದ್ದರು. ನಾನು ಮೊದಲು ಒಯ್ದದ್ದು ಇಸ್ತ್ರಿ ಪೆಟ್ಟಿಗೆ.

"ಕಾಕಾ, ಇದು ಕಾಯವಲ್ದು."

"ಪ್ಲಗ್ ತಗದೀಯೇನು?"

"ಮನಿಯಾಗ ಬಿಟ್ಟು ಬಂದೀನಾ? ಕೈಯಾಗ ಐತಲ್ರಿ."

"ಕೇಳಬೇಕು. ದಿನಾ ಕೇಳಬೇಕು. ಹಂ, ಬಿಚ್ಚು."

"ನನಗ ಬರೂದಿಲ್ಲರಿ."

"ಹೋಳಿಗಿ ಮಾಡಾಕ ಬರ್ತದಲ್ಲ? ಅದಕ್ಕಿಂತ ಹಗುರ. ಇದು ಹರಿಯೂದಿಲ್ಲ."

ವೈರು ಕುತ್ತಿಗೆಯ ಹತ್ತಿರ ಒಳಗೇ ತುಂಡಾಗಿತ್ತು. ದಿನಾ ಅಲ್ಲೇ ಮಡಿಸಿ ಸುತ್ತಿಡುತ್ತಿದ್ದುದರಿಂದ ಹಾಗಾಗಿದೆ ಎಂದು ತೋರಿಸಿದರು. ಒಂದು ಗೇಣು ಕತ್ತರಿಸಿ, ಸುಲಿದು, ಹಸಿರು ಎಲ್ಲಿತ್ತೋ ಅಲ್ಲೇ ಹಸಿರು ಹಚ್ಚಿಸಿದರು. ಕಾಯಿತು. ನನಗಾದ ಸಂತೋಷವನ್ನು ಗಮನಿಸದವರಂತೆ ಅವರು ಇನ್ನೊಂದು ಷರತ್ತು ಹೇಳಿದರು: ಅಂಗಡಿಗೆ ಕೊಟ್ಟಿದ್ದರೆ ಹೋಗುತ್ತಿದ್ದ ದುಡ್ಡಿಗೆ ಇವತ್ತೇ ಮನೆಗೆ ಒಂದು ಸಾಮಾನು ತರಬೇಕು. "ಉಳಿಸಿದ್ದು ಕಣ್ಣಿಗೆ ಕಾಣಬೇಕು. ಇಲ್ಲಂದ್ರ ಅದು ಉಳದಿರೂದಿಲ್ಲ, ಬರೇ ಖರ್ಚಾಗಿರೂದಿಲ್ಲ ಅಷ್ಟ." ನಾನೊಂದು ಹಿಟ್ಟಿನ ಜರಡಿ ತಂದೆ. ನಮ್ಮ ಓಣಿಯ ಅಡುಗೆಮನೆಗಳಲ್ಲಿ ಇಂಥ ಜರಡಿ, ಸೌಟು, ಡಬ್ಬಿಗಳು ಬಹಳ ಇವೆ. ಯಾವುದು ಯಾವ ರಿಪೇರಿಯದು ಎಂದು ಹೆಂಗಸರು ಈಗಲೂ ಹೇಳುತ್ತಾರೆ.

ಬಿಚ್ಚುವಾಗ ಸ್ಕ್ರೂಗಳನ್ನು ಇಡುವ ಅವರ ಪದ್ಧತಿ ಬೇರೆ ಎಲ್ಲಿಯೂ ನಾನು ಕಂಡಿಲ್ಲ. ಕಾಕು ಬೆಳಿಗ್ಗೆ ಕಟ್ಟೆ ಸಾರಿಸಿ ರಂಗೋಲಿಯ ಚುಕ್ಕಿ ಇಡುವ ಹೊತ್ತಿಗೆ ಕಾಕಾ ಒಳಗಿನಿಂದ ಕೂಗಿ ಹೇಳುತ್ತಿದ್ದರು: "ಇವತ್ತು ಏಳರಿಂದ ಏಳು ಇಡು, ಕೂಲರ್ ಐತಿ." ಮಿಕ್ಸರಿಗೆ ಐದು ಚುಕ್ಕಿಯ ಐದು ಸಾಲು ಸಾಕು. ವಾಷಿಂಗ್ ಮಷೀನಿಗೆ ಒಂಬತ್ತು. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಸಾಲಿನ ಮೊದಲ ಚುಕ್ಕಿಯ ಮೇಲೆ, ಆಮೇಲಿನದು ಅದರ ಪಕ್ಕ. ಹೊರಗಿನ ಕವಚ ಒಂದು ಸಾಲು, ಒಳಗಿನದು ಇನ್ನೊಂದು. ಮುಚ್ಚುವಾಗ ಕೊನೆಯ ಚುಕ್ಕಿಯಿಂದ ಹಿಂದಕ್ಕೆ ಬರುವುದು. ಎಲ್ಲ ಮುಚ್ಚಿದ ಮೇಲೆ ಕಾಕು ಬಂದು ಗೆರೆ ಎಳೆದು ರಂಗೋಲಿ ಮುಗಿಸುವರು. ಕೆಲವು ದಿನ ಅವರ ಮನೆಯ ರಂಗೋಲಿ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತಿತ್ತು.

ಈ ಪದ್ಧತಿ ಓಣಿಗೆಲ್ಲ ಹರಡಿತು. ನಾನೂ ಒಂದು ಭಾನುವಾರ ನಮ್ಮ ಬಾಗಿಲಲ್ಲಿ ಚುಕ್ಕಿ ಇಟ್ಟು ಮಿಕ್ಸರ್ ಬಿಚ್ಚಿದ್ದೆ. ಹಾಲು ಉಕ್ಕುವ ಸದ್ದಾಯಿತೆಂದು ಒಳಗೆ ಹೋದೆ. ಅದೇ ಹೊತ್ತಿಗೆ ಮುದಗಲ್ಲಿನಿಂದ ನಮ್ಮ ಅತ್ತೆ ಬಂದರು. ಹೊಸ್ತಿಲ ಮುಂದೆ ಅರ್ಧ ಮಾಡಿಬಿಟ್ಟ ರಂಗೋಲಿ, ಚುಕ್ಕಿಗೊಂದು ಕಬ್ಬಿಣದ ಚೂರು. ಮಕ್ಕಳ ಕಿತಾಪತಿ ಎಂದುಕೊಂಡ ಅವರು ಚೂರುಗಳನ್ನೆಲ್ಲ ಒಂದೂ ಬಿಡದೆ ಆರಿಸಿ ತಮ್ಮ ಎಲೆಅಡಿಕೆ ಸಂಚಿಗೆ ಹಾಕಿಕೊಂಡು, ಕೂತು, ರಂಗೋಲಿ ಪೂರ್ತಿ ಮಾಡಿದರು. ನಾನು ಹಾಲಿಳಿಸಿ ಬರುವುದರೊಳಗೆ ಒಂದು ಕಮಲ ಆಗಿತ್ತು. ಎಸಳಿಗೆ ಅರಿಶಿನವನ್ನೂ ತುಂಬಿದ್ದರು.

ಕಾಕಾನನ್ನು ಕರೆದೆ. ಅವರು ಬಂದು ಕಮಲದ ಸುತ್ತ ಒಂದು ಸುತ್ತು ಹಾಕಿದರು.

"ಚಂದ ಆಗೈತಿ," ಎಂದರು.

"ಬಾಗಿಲ ಮುಂದ ಅರ್ಧ ರಂಗೋಲಿ ಇರಬಾರದ್ರಿ," ಎಂದರು ಅತ್ತೆ.

"ಅರ್ಧ ಮಿಕ್ಸರ್ ಇರಬಹುದೇನ್ರಿ?"

"ಮಿಕ್ಸರ್‌ಗೆ ಶಾಸ್ತ್ರ ಇಲ್ಲ."

ಕಾಕಾ ಕೆಳಗೆ ಕೂತರು. ಅತ್ತೆಯ ಸಂಚಿಯಿಂದ ಸ್ಕ್ರೂಗಳನ್ನು ಅಡಿಕೆಯಿಂದ ಬೇರ್ಪಡಿಸಿ, ಗಾತ್ರ ನೋಡಿ ಅಂದಾಜಿನ ಮೇಲೆ ಹಾಕಿಸಿದರು. ಕೊನೆಗೆ ಒಂದು ಉಳಿಯಿತು. "ಕಂಪನಿಯವ್ರು ಒಂದು ಹೆಚ್ಚಿಗಿ ಹಾಕಿರ್ತಾರ," ಎಂದು ಅದನ್ನು ನನ್ನ ಕೈಗೆ ಕೊಟ್ಟರು. ಆ ಮಿಕ್ಸರ್ ಅದಾದ ಮೇಲೆ ಐದು ವರ್ಷ ಓಡಿತು. ತಿರುಗುವಾಗ ಮೊದಲಿಲ್ಲದ ಒಂದು ಸದ್ದು ಮಾಡುತ್ತಿತ್ತು. ರುಬ್ಬುವುದರಲ್ಲಿ ಕೊರತೆ ಇರಲಿಲ್ಲ.

ಅವರ ಕೆಲಸವೆಲ್ಲ ಸರಿಯಾಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅವರದೇ ಮನೆಯ ವಾಷಿಂಗ್ ಮಷೀನು ರಿಪೇರಿಯಾದ ಮೇಲೆ ನಡೆಯಲು ಕಲಿತಿತ್ತು. ಹಿಂಡುವ ಹೊತ್ತಿಗೆ ಬಚ್ಚಲಿನಿಂದ ಹೊರಟು ಅಡುಗೆಮನೆಯ ಬಾಗಿಲ ತನಕ ಬರುತ್ತಿತ್ತು. ಕಾಕು ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿಹಾಕಿದ್ದರು. ಯಾರಾದರೂ ಕೇಳಿದರೆ, "ಎಮ್ಮಿ ಮಾರಿ ಬಾಳ ದಿನ ಆಗಿತ್ತು, ಕೈಗೆ ಕೆಲಸ ಇರಲಿಲ್ಲ," ಎನ್ನುವರು.

ಇಷ್ಟೇ ಆಗಿದ್ದರೆ ಕಾಕಾ ಓಣಿಯ ಒಬ್ಬ ತಮಾಷೆಯ ಹಿರಿಯರಾಗಿ ನೆನಪಿನಲ್ಲಿ ಉಳಿಯುತ್ತಿದ್ದರು. ಆದರೆ ನಮ್ಮ ಓಣಿಯ ಬಾಯಲ್ಲೇ ನಿತಾಯಿಯ ಅಂಗಡಿ ಇತ್ತು.

ನಿತಾಯಿ ಊರ ಹೊರಗಿನ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನು. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮೆಲ್ಲರಂತೆ ಸಿಂಧನೂರಿನ ಮಾತು. ಹೈದರಾಬಾದಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು ಕಲಿತು ಬಂದು, ಹತ್ತಡಿ ಅಗಲದ ಬಾಡಿಗೆ ಅಂಗಡಿಯಲ್ಲಿ ಮಿಕ್ಸರು, ಫ್ಯಾನು, ಕೂಲರು ರಿಪೇರಿ ಮಾಡುತ್ತಿದ್ದ. ಊರಿನ ಬಿಸಿಲೇ ಅವನಿಗೆ ಅನ್ನ. ಶಿವರಾತ್ರಿ ಮುಗಿಯುತ್ತಿದ್ದಂತೆ ಅಟ್ಟದಿಂದ ಇಳಿಸಿದ ಕೂಲರುಗಳು ಅವನ ಅಂಗಡಿಯ ಮುಂದೆ ರೇಷನ್ ಸಾಲಿನಂತೆ ನಿಲ್ಲುತ್ತಿದ್ದವು. ಆ ಮೂರು ತಿಂಗಳ ದುಡಿಮೆಯಲ್ಲಿ ಅವನ ವರ್ಷ ನಡೆಯಬೇಕು. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವನ ಅಂಗಡಿಯ ಮುಂದೆ ಎರಡೇ ಕೂಲರುಗಳಿದ್ದವು. ಅದರಲ್ಲಿ ಒಂದು ಅವನದೇ. ಉಳಿದವೆಲ್ಲ ಕಾಕಾನ ಕಟ್ಟೆಯ ಮೇಲೆ ರಂಗೋಲಿಯ ಪಕ್ಕದಲ್ಲಿದ್ದವು.

ಒಂದು ಭಾನುವಾರ ಅವನು ಕಟ್ಟೆಗೆ ಬಂದ. ನಾವು ನಾಲ್ಕು ಜನ ಹೆಂಗಸರು ಕೂಲರಿನ ಪಂಪು ತೊಳೆಯುತ್ತಿದ್ದೆವು.

"ಕಾಕಾ, ನಿಮ್ಮ ಸಾಲಿ ಚಲೋ ನಡದೈತಿ."

"ಬಾರೋ ನಿತಾಯಿ, ಕುಂದ್ರು. ನೀನೂ ಏನರ ತಂದೀಯೇನು?"

"ತಂದೀನ್ರಿ." ಅಂಗಡಿಯ ಕೀಲಿಕೈ ತೆಗೆದು ಕಟ್ಟೆಯ ಮೇಲಿಟ್ಟ. "ಇದನ್ನೂ ಬಿಚ್ಚಿ ನೋಡ್ರಿ. ಅಂಗಡಿ ಯಾಕ ನಡೀವಲ್ದು ಅಂತ."

ಎದುರು ಮನೆಯ ಶರಣಮ್ಮ ಪಂಪಿನಿಂದ ತಲೆ ಎತ್ತದೆ ಹೇಳಿದಳು: "ನಾ ಹೇಳ್ತೀನಿ ಯಾಕಂತ. ಹೋದ ವರ್ಷ ಒಂದು ವೈರ್ ಹಚ್ಚಾಕ ಮುನ್ನೂರು ತೊಗೊಂಡಿ."

"ಅಕ್ಕಾರ, ನೂರಾ ಎಂಬತ್ತು ತೊಗೊಂಡೀನಿ. ಅದರಾಗ ಅಂಗಡಿ ಬಾಡಿಗಿನೂ ಐತಿ, ಹೈದರಾಬಾದಿನ್ಯಾಗ ನಾ ಉಪಾಸ ಬಿದ್ದದ್ದೂ ಐತಿ. ನಿಮಗ ಬರೇ ವೈರ್ ಕಂಡೈತಿ."

"ನಮ್ಮ ಸಾಮಾನ ನಾವು ಮಾಡ್ಕೊಂಡ್ರ ತಪ್ಪೇನೋ?"

"ನಾ ತಪ್ಪು ಅಂದೆನೇನ್ರಿ?" ನಿತಾಯಿ ಕಾಕಾನ ಕಡೆ ತಿರುಗಿದ. "ನೀವು ಲಸ್ಕರ್ ಇದ್ದೋರು. ಮ್ಯಾಲಿನಾವ್ರು ಎಲ್ಲಾ ನೀರು ತೊಗೊಂಡ್ರ ಕೊನೀ ಹೊಲಕ್ಕ ಏನು ಬರ್ತದ? ಈ ಓಣಿಯಾಗ ನಂದ ಕೊನೀ ಹೊಲ. ಈ ಬ್ಯಾಸಿಗಿ ಹಿಂಗ ಹೋತಂದ್ರ ಅಂಗಡಿ ಬಿಟ್ಟು ಮಂದಿ ಗದ್ದಿಗೆ ನಾಟಿ ಹಚ್ಚಾಕ ಹೋಗ್ತೀನಿ. ಹೇಳಿ ಹೋಗೂನಂತ ಬಂದೆ."

ಕೀಲಿಕೈ ತೆಗೆದುಕೊಂಡು ಹೋದ. ಕಾಕಾ ಎದ್ದು ಒಳಗೆ ಹೋದರು. ನಾವು ಪಂಪು ತೊಳೆದು, ತಪ್ಪು ತಪ್ಪಾಗಿ ಜೋಡಿಸಿಕೊಂಡು, ನಮ್ಮ ನಮ್ಮ ಮನೆಗೆ ಹೋದೆವು.

ಅವತ್ತು ಅವರು ಯಾಕೆ ಎದ್ದು ಹೋದರು ಎಂದು ಕಾಕು ಮರುದಿನ ನನಗೆ ಹೇಳಿದರು. ನೌಕರಿಗೆ ಸೇರಿದ ಹೊಸತರಲ್ಲಿ ಮೇಲಿನ ಹೊಲದವರು ಕಾಕಾನಿಗೆ ಹಬ್ಬದೂಟ ಹಾಕಿದ್ದರು. ಉಂಡು, ಬೇವಿನ ನೆರಳಿಗೆ ಮಲಗಿ, ಅವರ ತೂಬು ಇಳಿಸುವುದನ್ನು ಮರೆತರು. ಒಂದು ಹಗಲಿನ ನೀರು ಅಲ್ಲೇ ಹೋಯಿತು. ಕಾಲುವೆಯ ಕೊನೆಯ ಊರಿನ ಭತ್ತದ ಸಸಿಮಡಿ ಒಣಗಿತು. ಮರುದಿನ ಆ ಊರಿನ ಎಂಟು ಜನ ಇವರ ಮನೆಗೆ ಬಂದಿದ್ದರು.

"ಬೈದರೇನು?" ಎಂದು ಕೇಳಿದೆ.

"ಬೈದಿದ್ರ ಚಲೋ ಇತ್ತು. ಒಂದು ತಂಬಿಗಿ ನೀರು ಕೇಳಿದ್ರು. ಎಂಟೂ ಮಂದಿ ಅದರಾಗ ಹಂಚ್ಕೊಂಡು ಕುಡುದು ಎದ್ದು ಹೋದ್ರು. ಅವತ್ತಿನಿಂದ ಇವ್ರು ಯಾರ ಹೊಲದಾಗೂ ಉಂಡಿಲ್ಲ."

ಮುಂದಿನ ಭಾನುವಾರ ಕಾಕಾ ಓಣಿಯವರನ್ನೆಲ್ಲ ನಲ್ಲಿಯ ಹತ್ತಿರ ಸೇರಿಸಿದರು. ನಿತಾಯಿಯನ್ನೂ ಕರೆಸಿದರು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನಡುವೆ ಒಂದು ಗೆರೆ ಹೊಡೆದು ತಂದಿದ್ದರು. ಎಡಗಡೆ ಮನೆಯ ಪಾಲು, ಬಲಗಡೆ ಅಂಗಡಿಯ ಪಾಲು. ಪ್ಲಗ್ಗು, ವೈರು, ಫ್ಯೂಜು, ತೊಳೆಯುವುದು, ಕೂಲರಿನ ಹುಲ್ಲು, ಪಂಪು, ಕುಕ್ಕರಿನ ರಬ್ಬರು ಮನೆಯವು. ಮೋಟಾರು ಸುತ್ತುವುದು, ಫ್ರಿಜ್ಜಿನ ಯಂತ್ರ, ಗ್ಯಾಸು, ಗೀಜರು, ಟಿ.ವಿ. ಅಂಗಡಿಯವು.

"ಮೋಟಾರ್ ಸುತ್ತೂದು ನಮಗ ಹೆಂಗೂ ಬರೂದಿಲ್ಲ, ಅದನ್ನ ಅವಗ ಕೊಟ್ಟು ದೊಡ್ಡಸ್ತಿಕಿ ಮಾಡ್ತೀರಲ್ಲ," ಎಂದ ಒಬ್ಬ. ಅದು ನ್ಯಾಯವೆನಿಸಿ ಕಾಕಾ ಕೂಲರಿನ ಪಂಪನ್ನೂ ಬಲಗಡೆಗೆ ದಾಟಿಸಿದರು. ಹೆಂಗಸರು ಗಲಾಟೆ ಮಾಡಿದೆವು. ಪಂಪಿನ ಒಳಗನ್ನು ಅಂಗಡಿಗೆ, ಹೊರಗನ್ನು ಮನೆಗೆ ಎಂದು ಬರೆದರು. ಮಿಕ್ಸರಿನ ಕಾರ್ಬನ್ ಬ್ರಷ್ಷಿನ ವಿಷಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸುಲಭದ ಕೆಲಸ, ಎಲ್ಲರಿಗೂ ಬರುತ್ತದೆ, ಆದರೆ ನಿತಾಯಿಗೆ ಅದರಲ್ಲೇ ನಾಲ್ಕು ಕಾಸು ಉಳಿಯುತ್ತದೆ. ಕೊನೆಗೆ ಕಾಕಾ ಕಾಲುವೆಯ ಪದ್ಧತಿಗೇ ಹೋದರು: ಬೇಸಿಗೆಯಲ್ಲಿ ಬ್ರಷ್ಷು ಅಂಗಡಿಯ ಪಾಲು, ಮಳೆಗಾಲದಿಂದ ಮನೆಯ ಪಾಲು. ಇದನ್ನು ಯಾರೂ ಆಕ್ಷೇಪಿಸಲಿಲ್ಲ. ಪಾಳಿ ಎಂದರೆ ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ.

ಕೆಳಗೆ ಎರಡು ಸಾಲು ಬೇರೆ ಇತ್ತು. ಒಂದು, ಮನೆಯಲ್ಲಿ ಮಾಡಿಕೊಳ್ಳುವವರು ಬಿಡಿಭಾಗಗಳನ್ನು ನಿತಾಯಿಯ ಹತ್ತಿರವೇ ಕೊಳ್ಳಬೇಕು. ಎರಡು ರೂಪಾಯಿ ಅಗ್ಗವೆಂದು ಲಿಂಗಸುಗೂರಿನಿಂದಲೋ ಫೋನಿನಲ್ಲೋ ತರಿಸಬಾರದು.

"ನೀವ ತರಸ್ತಿದ್ರಿ ಲಿಂಗಸುಗೂರಿನಿಂದ," ಎಂದಳು ಶರಣಮ್ಮ.

"ತರಸ್ತಿದ್ದೆ. ಇನ್ನ ತರಸೂದಿಲ್ಲ."

ಎರಡನೆಯದು ನಿತಾಯಿಗೆ. ಬಿಡಿಭಾಗ ಕೇಳಿದರೆ "ಇಲ್ಲ, ಪೂರ್ತಿ ಮಷೀನು ತರ್ರಿ" ಅನ್ನಬಾರದು. ಸಾಮಾನನ್ನು ಒಡೆಯರ ಎದುರಿಗೇ ಬಿಚ್ಚಬೇಕು.

"ಎದುರಿಗೆ ಬಿಚ್ಚಿದ್ರ ಎಲ್ಲಾರೂ ಕಲೀತಾರ್ರಿ ಕಾಕಾ."

"ಕಲೀಲಿ. ಪಟ್ಟಿ ಐತಲ್ಲ."

ನಿತಾಯಿ ಪಟ್ಟಿಯನ್ನು ಇನ್ನೊಮ್ಮೆ ಓದಿದ. ಆಮೇಲೆ ನಲ್ಲಿಯ ಹಿಂದಿನ ಗೋಡೆಗೆ ಗೋಂದು ಹಚ್ಚಿ ಅದನ್ನು ಅಂಟಿಸಲು ತಾನೇ ಮುಂದೆ ಬಂದ.

ಪಟ್ಟಿ ಅಂಟಿಸಿದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಕಾಕಾ ಬೆಳಿಗ್ಗೆ ಕೈಯಲ್ಲಿ ಕೋಲು ಹಿಡಿದು ಕಾಲುವೆಯ ದಂಡೆ ತಿರುಗಿದಂತೆ ಓಣಿ ತಿರುಗುತ್ತಿದ್ದರು. ಯಾರ ಬಾಗಿಲಲ್ಲಿ ದೊಡ್ಡ ಚುಕ್ಕಿಯ ರಂಗೋಲಿ ಕಂಡರೂ ನಿಂತು, "ಏನು ಬಿಚ್ಚೀರಿ?" ಎಂದು ಕೇಳುವರು. ಒಂದು ಸಲ ನಾಗಪಂಚಮಿಯ ನಿಜವಾದ ರಂಗೋಲಿಯ ಮುಂದೆಯೂ ನಿಂತು ಕೇಳಿ ಬೈಸಿಕೊಂಡರು. ಆದರೂ ನಿತಾಯಿ ಆ ವರ್ಷ ನಾಟಿಗೆ ಹೋಗಲಿಲ್ಲ. ಮರು ಬೇಸಿಗೆಯಲ್ಲಿ ಅವನ ಅಂಗಡಿಯ ಮುಂದೆ ಐದಾರು ಕೂಲರುಗಳಾದವು. ಹಿಂದಿನಷ್ಟು ಅಲ್ಲ. ಬಾಡಿಗೆ ಹೋಗಿ ಅಡುಗೆ ನಡೆಯುವಷ್ಟು. ಅಂಗಡಿ ಇಂದು ತೆರೆದಿದೆಯೋ ಇಲ್ಲವೋ ಎಂದು ಕಾಕಾ ದಿನಾ ಬೆಳಿಗ್ಗೆ ಓಣಿಯ ಬಾಯಿಯ ತನಕ ಹೋಗಿ ನೋಡಿಕೊಂಡು ಬರುತ್ತಿದ್ದರು.

ಅದೇ ಬೇಸಿಗೆಯಲ್ಲಿ ಅವರದೇ ಕೂಲರಿನ ಮೋಟಾರು ಸುಟ್ಟಿತು. ಮೂಸಿ ನೋಡಿದರು. "ಹೋಗೈತಿ" ಎಂದರು. ಆದರೆ ಕೆಳಗಿಡಲಿಲ್ಲ. ಮೋಟಾರು ಸುತ್ತುವುದೊಂದನ್ನು ಅವರು ಕಲಿತಿರಲಿಲ್ಲ. ಮಸ್ಕಿಯ ಗುಜರಿ ಅಂಗಡಿಯಿಂದ ತಂದ ತಾಮ್ರದ ತಂತಿ ಪೆಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ಇತ್ತು. ಅದನ್ನು ಹೊರಗೆ ತೆಗೆದಾಗ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು.

"ಮೋಟಾರ್ ಯಾರ ಪಾಲು?"

"ಆ ಪಟ್ಟಿ ಓಣಿಯವರಿಗೆ ಬರೆದದ್ದು."

"ನಾವು ಓಣಿಯಾಗ ಇಲ್ಲೇನು? ಕಾಲುವಿ ಮ್ಯಾಲ ಅದೀವಿ?"

ತಂತಿ ಪೆಟ್ಟಿಗೆಗೆ ಹೋಯಿತು. ಕಾಕಾ ಮೋಟಾರು ಹೊತ್ತು ನಿತಾಯಿಯ ಅಂಗಡಿಗೆ ಹೋಗಿ, ಎದುರಿಗೇ ಬಿಚ್ಚಬೇಕೆಂಬ ಸಾಲನ್ನು ನೆನಪಿಸಿ, ಸ್ಟೂಲಿನ ಮೇಲೆ ಕೂತರು. ನಾನು ಶಾಲೆಯಿಂದ ಬಸ್ಸಿಳಿದು ಬರುವಾಗಲೂ ಕೂತಿದ್ದರು. ಸುತ್ತುವವನು ಸುತ್ತು ಎಣಿಸಬೇಕು. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಕಾಕಾ ಮಾತಾಡಿಸಿದ್ದರು. ನಿತಾಯಿ ಬಿಚ್ಚಿ ಮೊದಲಿನಿಂದ ಸುತ್ತಿದ್ದ. ಕಾಕಾ ಮತ್ತೆ ಮಾತಾಡಿಸಿದ್ದರು.

"ಎರಡು ಸರ್ತಿ ಸುತ್ತಿದ್ದಕ್ಕ ಎರಡು ಕೂಲಿ ಕೊಡ್ತೀನಿ ತೊಗೊ."

"ಒಂದ ಕೊಡ್ರಿ. ಬಾಯಿ ಮುಚ್ಕೊಂಡು ಕುಂದರ್ರಿ, ಮಾರಾಯ್ರ."

ಅವರ ಮೇಲೆ ಹಾಗೆ ರೇಗಿದವನು ಓಣಿಯಲ್ಲಿ ಅವನೊಬ್ಬನೇ. ಕಾಕಾ ಅದನ್ನು ಮನೆಗೆ ಬಂದು ಖುಷಿಯಿಂದ ಹೇಳಿದರು.

ಹೋದ ಬೇಸಿಗೆಯಲ್ಲಿ ಒಂದು ಬೆಳಗಿನ ಜಾವ ಚಹಾ ಕುಡಿದು ಲೋಟ ಕೆಳಗಿಡುವಾಗ ಎದೆ ಹಿಡಿದುಕೊಂಡರು. ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು. ಒಬ್ಬಳೇ ಮಗಳು ಗೋವಾದಲ್ಲಿ ನರ್ಸು. ಅವಳು ಬರಲು ಸಂಜೆಯಾಗುತ್ತಿತ್ತು. ಅಂಥ ಬಿಸಿಲಿನಲ್ಲಿ ಇಡುವುದು ಹೇಗೆಂದು ಹಿರಿಯರು ತಂಪಿನ ಪೆಟ್ಟಿಗೆ ಬಾಡಿಗೆಗೆ ತರಿಸಿದರು. ಮೇಲೆ ಗಾಜು, ಕೆಳಗೆ ಫ್ರಿಜ್ಜಿನಂಥದೇ ಯಂತ್ರ. ಪೆಂಡಾಲಿನ ಕೆಳಗೆ ಇಟ್ಟು ಅವರನ್ನು ಅದರಲ್ಲಿ ಮಲಗಿಸಿದರು.

ಹನ್ನೆರಡರ ಸುಮಾರಿಗೆ ಪೆಟ್ಟಿಗೆಯ ದೀಪ ಆರಿತು. ಯಂತ್ರದ ಸದ್ದು ನಿಂತಿತು. ಅಳುತ್ತಿದ್ದವರೂ ನಿಲ್ಲಿಸಿ ಅದರ ಕಡೆ ನೋಡಿದರು. ಪೆಟ್ಟಿಗೆಯವನಿಗೆ ಫೋನು ಹಚ್ಚಿದರೆ, ಇನ್ನೊಂದು ಪೆಟ್ಟಿಗೆ ಮಸ್ಕಿಗೆ ಹೋಗಿದೆ, ಸಂಜೆಗೆ ಬರುತ್ತದೆ ಎಂದ.

ತಲೆಯ ಹತ್ತಿರ ಕೂತಿದ್ದ ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. "ಟೀಚರ್, ಪ್ಲಗ್ ನೋಡು," ಎಂದರು ನನಗೆ.

ಮನೆಗೆ ಹೋಗಿ ಸ್ಕ್ರೂ ಡ್ರೈವರು ತಂದೆ. ಪ್ಲಗ್ಗಿನೊಳಗೆ ಒಂದು ವೈರು ಕರಗಿ ಕರ್ರಗಾಗಿತ್ತು. ಶರಣಮ್ಮ ತನ್ನ ಮನೆಯಿಂದ ದೊಡ್ಡ ಪ್ಲಗ್ಗೊಂದು ತಂದುಕೊಟ್ಟಳು. ಕತ್ತರಿಸಿ, ಸುಲಿದು ಹಚ್ಚಿದೆ. ಹಸಿರು ಹಸಿರಿನ ಜಾಗಕ್ಕೇ ಹೋಯಿತು. ದೀಪ ಹತ್ತಿತು. ಯಂತ್ರ ಒಂದು ಸಲ ಗುಂಯ್ ಎಂದಿತು, ಟಕ್ ಎಂದಿತು, ನಿಂತಿತು. ಮತ್ತೆ ಗುಂಯ್, ಟಕ್.

"ಇದು 'ಹೋಗೈತಿ' ಅಲ್ಲ," ಎಂದಳು ಶರಣಮ್ಮ, ಬಗ್ಗಿ ಮೂಸಿ.

"ಇದು ನಮ್ಮ ಪಾಲಲ್ಲ," ಎಂದರು ಕಾಕು. "ನಿತಾಯಿನ್ನ ಕರೀರಿ."

ಕರೆಯಬೇಕಿರಲಿಲ್ಲ. ಅವನು ಬೆಳಿಗ್ಗೆಯಿಂದ ಅಂಗಡಿ ತೆಗೆಯದೆ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದ. ಓಡಿಹೋಗಿ ಚೀಲ ತಂದ. ಪೆಟ್ಟಿಗೆಯ ಹಿಂದೆ, ಕಾಕಾನ ಕಾಲಿನ ಕಡೆ, ನೆಲದ ಮೇಲೆ ಅಂಗಾತ ಮಲಗಿ ಯಂತ್ರವನ್ನು ಚಾಲೂ ಮಾಡುವ ರಿಲೇ ಎಂಬ ಸಣ್ಣ ಭಾಗವನ್ನು ತೆಗೆದು ಹೊಸದು ಹಾಕಿದ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ಯಾರೂ ಅವನನ್ನು ಮಾತಾಡಿಸಲಿಲ್ಲ. ಯಂತ್ರ ಹೊರಟು ನಿಲ್ಲದೆ ಓಡಿತು. ಗಾಜು ನಿಧಾನಕ್ಕೆ ಮಂಜಾಯಿತು.

ಕಾಕು ಸೊಂಟದ ಚೀಲ ಬಿಚ್ಚಿದರು. "ಎಷ್ಟಾತು?"

"ಕಾಕೂ, ಇವತ್ತು ಬ್ಯಾಡ್ರಿ."

"ಯಾಕ? ಇವತ್ತ ನಿನ್ನ ಮನಿಯಾಗ ಒಲಿ ಹಚ್ಚೂದಿಲ್ಲೇನು?"

"ಪೆಟ್ಟಿಗಿಯವ ಕೊಡ್ಲಿ ಬಿಡವಾ," ಎಂದರು ಯಾರೋ ಹಿರಿಯರು.

"ಅವನ ಬಾಡಿಗಿಯೊಳಗ ನಾ ಮುರಕೋತೀನಿ. ಇವನ ಕೂಲಿ ಎಷ್ಟು, ಹೇಳಲಿ."

ನಿತಾಯಿ ಗಾಜಿನ ಕಡೆ ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ: "ರಿಲೇ ನೂರಾ ಅರವತ್ತು. ಕೂಲಿ ಇನ್ನೂರು."

"ಹೆಣದ ಮುಂದ ಇನ್ನೂರು ಕೂಲಿ ಕೇಳ್ತಾನ!" ಎಂದ ಲಿಂಗಸುಗೂರಿನಿಂದ ಬಂದಿದ್ದ ಒಬ್ಬ ನೆಂಟ. ಓಣಿಯವರು ಯಾರೂ ಅವನ ಮಾತಿಗೆ ತಲೆಯಾಡಿಸಲಿಲ್ಲ. ಕಾಕು ಎಣಿಸಿ ಕೊಟ್ಟರು. ನಿತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. ಒಂದು ರೂಪಾಯಿಯನ್ನೂ ಬಿಡಲಿಲ್ಲ.

ಮಗಳು ಐದರ ಹೊತ್ತಿಗೆ ಬಂದಳು. ಮಣ್ಣಿಗೆ ಹೊರಟಾಗ ಓಣಿಯ ಬಾಯಿಯ ತನಕ ನಿತಾಯಿಯೂ ಹೆಗಲು ಕೊಟ್ಟ. ಹೆಂಗಸರು ನಾವು ಕಟ್ಟೆಯ ಹತ್ತಿರವೇ ಉಳಿದೆವು. ಮೆರವಣಿಗೆಯ ಮುಂದೆ ಹಲಗೆ ಬಾರಿಸುವ ಸದ್ದು ದೊಡ್ಡ ರಸ್ತೆಗೆ ತಿರುಗಿ ಸಣ್ಣದಾಗುತ್ತ ಹೋಯಿತು. ಅದು ಪೂರ್ತಿ ಕೇಳಿಸದಂತಾದ ಮೇಲೆ ಓಣಿಯ ಬಾಯಲ್ಲಿ ಶಟರು ಎತ್ತಿದ ಸದ್ದಾಯಿತು.

ಕಾಕು ತಲೆ ಎತ್ತಿದರು. "ಅಂಗಡಿ ತಗದನೇನು?"

ನಾನು ಎದ್ದು ನೋಡಿದೆ. ತಳ್ಳುಗಾಡಿಯಲ್ಲಿ ಕೂಲರು ಹಾಕಿಕೊಂಡು ಬಂದ ಇಬ್ಬರು ಮುಂದೆ ನಿಂತಿದ್ದರು. ನಿತಾಯಿ ಅದನ್ನು ಇಳಿಸಿಕೊಳ್ಳುತ್ತಿದ್ದ.

"ತಗದಾನ."

"ಚಲೋ ಆತು," ಎಂದು ಕಾಕು ಗೋಡೆಗೆ ಒರಗಿದರು. ಅವತ್ತು ಅವರು ನಿಜವಾಗಿ ಅತ್ತದ್ದು ಆಮೇಲೆ.